ಕಲಿಯುವ ಕುದುರೆಗೆ ತಕ್ಕ ಪರೀಕ್ಷೆ

ಕುದುರೆಯ ಸವಾರಿ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಎರಡು ದೃಶ್ಯಗಳು. ಒಂದು, ಮೈಸೂರಿನ ದಸರಾ ಮೆರವಣಿಗೆಯಲ್ಲಿ ಸಾಲಾಗಿ ಸಾಗುವ ಅಶ್ವಾರೋಹಿಗಳು. ಇನ್ನೊಂದು, ಪಂದ್ಯದ ಮೈದಾನದಲ್ಲಿ ಧೂಳೆಬ್ಬಿಸಿ ಓಡುವ ಜೂಜುಗುದುರೆಗಳು. ಮೊದಲನೆಯದರಲ್ಲಿ ಗಾಂಭೀರ್ಯ, ಎರಡನೆಯದರಲ್ಲಿ ವೇಗ. ಇವೆರಡಕ್ಕೂ ಸೇರದ ಮೂರನೆಯ ವಿದ್ಯೆಯೊಂದು ಉಂಟು. ಅದರಲ್ಲಿ ಯಾರೂ ಯಾರನ್ನೂ ಓಡಿ ಹಿಂದಿಕ್ಕುವುದಿಲ್ಲ. ವಾದ್ಯಗಳ ಘೋಷವೂ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಚೌಕಟ್ಟಾದ ಕಣ, ಒಬ್ಬ ಸವಾರ, ಒಂದು ಕುದುರೆ, ಎದುರಿಗೆ ಕುಳಿತ ಒಬ್ಬ ತೀರ್ಪುಗಾರ, ಇಷ್ಟೇ ಅದರ ಸಲಕರಣೆ. ಇದಕ್ಕೆ ಡ್ರೆಸಾಜ್ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಈ ಶಬ್ದಕ್ಕೆ ಪಳಗಿಸುವುದು, ಶಿಕ್ಷಣ ಕೊಡುವುದು ಎಂದರ್ಥ. ಈ ವಿದ್ಯೆಯನ್ನು ಹೊಸದಾಗಿ ಕಲಿಯುವ ಸವಾರನೂ ಕುದುರೆಯೂ ಮೊದಲಿಗೆ ಎಂತಹ ಪರೀಕ್ಷೆಯನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಈ ದಿನ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ. ಪ್ರಶ್ನೆ ಚಿಕ್ಕದಾಗಿ ತೋರಬಹುದು. ಆದರೆ ಅದಕ್ಕೆ ತಪ್ಪು ಉತ್ತರ ಕೊಟ್ಟಲ್ಲಿ ದಂಡ ತೆರುವುದು ಸವಾರನಲ್ಲ, ಬಾಯಿಲ್ಲದ ಪ್ರಾಣಿ.

ವಿದ್ಯೆಯು ಪ್ರಾಚೀನವಾದುದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಕರ ಕ್ಸೆನೊಫೊನ್, ಕುದುರೆಯನ್ನು ಹೊಡೆತದಿಂದಲ್ಲದೆ ಸಾಮದಿಂದ ತಿದ್ದಬೇಕೆಂದು ಗ್ರಂಥ ಬರೆದನು. ಫ್ರಾನ್ಸಿನ ಲಾ ಗೆರಿನಿಯೇರ್ ಎಂಬ ಅಶ್ವಾಚಾರ್ಯನು ಹದಿನೆಂಟನೆಯ ಶತಮಾನದಲ್ಲಿ ಇದಕ್ಕೊಂದು ಶಾಸ್ತ್ರೀಯವಾದ ಕ್ರಮವನ್ನು ಕಲ್ಪಿಸಿದನು. ವಿಯೆನ್ನಾ ನಗರದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಇಂದಿಗೂ ಆ ಪರಂಪರೆಯನ್ನು ಕಾಪಾಡಿಕೊಂಡು ಬಂದಿದೆ. ಒಲಿಂಪಿಕ್ ಕ್ರೀಡೆಗಳಲ್ಲಿ ಡ್ರೆಸಾಜ್ ಸೇರಿದುದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಆಗ ಅದು ಸೇನಾಧಿಕಾರಿಗಳ ಸೊತ್ತಾಗಿದ್ದಿತು. ಸ್ತ್ರೀಯರಿಗೆ ಅವಕಾಶ ದೊರೆತುದು 1952ರ ಹೆಲ್ಸಿಂಕಿ ಕ್ರೀಡೆಗಳಲ್ಲಿ. ಆ ವರ್ಷವೇ, ಪೋಲಿಯೋ ರೋಗದಿಂದ ಕಾಲುಗಳ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿಯ ಪದಕವನ್ನು ಗೆದ್ದರು. ಕುದುರೆಯನ್ನು ನಡೆಸುವುದು ತೋಳ್ಬಲವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಅರಿಯೆನು.

ನಮ್ಮ ನಾಡಿಗೂ ಅಶ್ವವಿದ್ಯೆ ಹೊಸತಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಯ ವಿನೋದಗಳಿಗೇ ಒಂದು ಭಾಗ ಮೀಸಲಾಗಿದೆ. ಅಮರಕೋಶವು ಕುದುರೆಯ ನಡೆಗಳನ್ನು ಐದಾಗಿ ಎಣಿಸಿ ಅವಕ್ಕೆ ಧಾರೆಗಳೆಂದು ಹೆಸರಿಟ್ಟಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಏರಿಹೋದವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಇತ್ತೀಚೆಗೆ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿಯನ್ನು ಪಡೆದ ಈವೆಂಟಿಂಗ್ ಎಂಬ ಸ್ಪರ್ಧೆಯಲ್ಲಿಯೂ ಮೊದಲನೆಯ ಭಾಗ ಡ್ರೆಸಾಜೇ ಆಗಿದೆ. 2023ರಲ್ಲಿ ಹ್ಯಾಂಗ್‌ಝೌ ನಗರದಲ್ಲಿ ಭಾರತದ ಡ್ರೆಸಾಜ್ ತಂಡವು ಚಿನ್ನವನ್ನೇ ತಂದಿತು. ಆದರೆ ನಾನು ಹೇಳಹೊರಟಿರುವುದು ಪದಕಗಳ ಮಾತಲ್ಲ. ಮೆಟ್ಟಿಲಿನ ಬುಡದ ಮಾತು.

ಮೊದಲು ಕಣದ ಪರಿಚಯವಾಗಲಿ. ಅದರ ಅಗಲ 20 ಮೀಟರು. ಉದ್ದ 60 ಮೀಟರು, ಚಿಕ್ಕ ಕಣವಾದರೆ 40. ಅಂಚಿನ ಸುತ್ತಲೂ ಇಂಗ್ಲಿಷ್ ಅಕ್ಷರಗಳ ಫಲಕಗಳನ್ನು ನಿಲ್ಲಿಸಿರುವರು. ಪ್ರವೇಶದ್ವಾರದಲ್ಲಿ ಎ, ಅದಕ್ಕೆ ಎದುರಾಗಿ ತೀರ್ಪುಗಾರನು ಕೂರುವ ಕಡೆ ಸಿ, ಎರಡು ಉದ್ದಬದಿಗಳ ನಡುವೆ ಬಿ ಮತ್ತು ಇ, ಕಣದ ನಟ್ಟನಡುವೆ ಕಣ್ಣಿಗೆ ಕಾಣದ ಎಕ್ಸ್. ಈ ಅಕ್ಷರಗಳು ವರ್ಣಮಾಲೆಯ ಕ್ರಮವನ್ನು ಬಿಟ್ಟು ಹೀಗೇಕೆ ನಿಂತವು ಎಂಬುದಕ್ಕೆ ಕಥೆಗಳು ಬೇಕಾದಷ್ಟು ಉಂಟು. ನಂಬತಕ್ಕ ಆಧಾರ ಒಂದಕ್ಕೂ ಇಲ್ಲ. ಪರೀಕ್ಷೆಯೆಂದರೆ, ಇಂತಹ ಅಕ್ಷರದಲ್ಲಿ ಇಂತಹ ನಡೆ ಎಂದು ಮೊದಲೇ ಅಚ್ಚುಮಾಡಿ ಕೊಟ್ಟ ಒಂದು ಪಾಠಕ್ರಮ. ಪ್ರತಿಯೊಂದು ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕಗಳು. ಆರು ಎಂದರೆ ತೃಪ್ತಿಕರ, ನಾಲ್ಕು ಎಂದರೆ ಸಾಲದು, ಹತ್ತು ಎಂದರೆ ಅತ್ಯುತ್ತಮ. ಈ ಹತ್ತನ್ನು ಕಣ್ಣಾರೆ ಕಂಡವರು ಕಡಮೆ. ಕೆಲವು ಚಲನೆಗಳ ಅಂಕವನ್ನು ಇಮ್ಮಡಿಯಾಗಿ ಎಣಿಸುವರು. ಕೊನೆಯಲ್ಲಿ ಒಟ್ಟು ಮೊತ್ತವನ್ನು ನೂರಕ್ಕೆ ಇಷ್ಟೆಂದು ಹೇಳುವುದು ವಾಡಿಕೆ.

ಅಮೆರಿಕದಲ್ಲಿ ಈ ಪರೀಕ್ಷೆಗಳ ಏಣಿ ಬಹಳ ಸ್ಪಷ್ಟವಾಗಿ ಕಟ್ಟಲ್ಪಟ್ಟಿದೆಯಾದ ಕಾರಣ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಲ್ಲಿ ತೀರ ಕೆಳಗಿನದು ಇಂಟ್ರೊಡಕ್ಟರಿ ಲೆವೆಲ್. ಅದರ ಮೊದಲಿನ ಪರೀಕ್ಷೆಗಳಲ್ಲಿ ನಾಲ್ಕು ತಾಳದ ವಾಕ್ ಮತ್ತು ಎರಡು ತಾಳದ ಟ್ರಾಟ್, ಇವೆರಡೇ ನಡೆಗಳು. ಮುಂದಿನದು ಟ್ರೈನಿಂಗ್ ಲೆವೆಲ್. ಇದರಲ್ಲಿ ಮೂರು ತಾಳದ ಕ್ಯಾಂಟರ್ ನಡೆಯೂ ಪೂರ್ಣವಾಗಿ ಸೇರುವುದು. ಇದರೊಳಗೆ ಒಂದು, ಎರಡು, ಮೂರು ಎಂದು ಪರೀಕ್ಷೆಗಳು ಉಂಟು. ಅದರಾಚೆಗೆ ಫಸ್ಟ್ ಲೆವೆಲ್ ಮೊದಲಾದುವು. 2011, 2015, 2019, 2023 ಹೀಗೆ ನಾಲ್ಕು ವರ್ಷಕ್ಕೊಮ್ಮೆ ಈ ಪರೀಕ್ಷೆಗಳನ್ನು ಪರಿಷ್ಕರಿಸುತ್ತ ಬಂದಿರುವರು. ಆದರೂ ಹಂತಗಳ ತಿರುಳು ಬದಲಾಗಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಲಿಕೆಯ ಸಲುವಾಗಿ ಒಂದೇ ಒಂದು ಪರೀಕ್ಷೆಯನ್ನು ಆರಿಸಿಕೊಳ್ಳಬೇಕಾದಲ್ಲಿ, ಟ್ರೈನಿಂಗ್ ಲೆವೆಲಿನ ಮೂರನೆಯದನ್ನು ಆರಿಸಿಕೊಳ್ಳಬೇಕು. ಅದು ಆರಂಭಿಕರ ಹಂತದೊಳಗೇ ಅತ್ಯಂತ ಕಠಿನವಾದುದು. ಅದರಲ್ಲಿ ಕುದುರೆಯ ದೇಹಕ್ಕೆ ಮೀರಿದುದು ಯಾವುದೂ ಇಲ್ಲ. ಆದರೆ ಸವಾರನು ಮರೆಮಾಚಬಹುದಾದುದೂ ಯಾವುದೂ ಇಲ್ಲ.

ಇದನ್ನು ನಾನು ಅರಿತ ಬಗೆಯನ್ನು ಹೇಳುತ್ತೇನೆ. ನನ್ನ ಪರಿಚಯದ ಸವಾರರೊಬ್ಬರು ಮೊದಲನೆಯ ಪರೀಕ್ಷೆಯನ್ನೇ ಮೂರು ವರ್ಷಗಳ ಕಾಲ ಸವಾರಿಮಾಡಿದರು. ಸ್ಪರ್ಧೆ ಸ್ಪರ್ಧೆಗೂ ಬಹುಮಾನ ಬರುತ್ತಿದ್ದಿತು. ಕುದುರೆಯು ವಯಸ್ಸಾದ, ಶಾಂತಸ್ವಭಾವದ ಪ್ರಾಣಿ. ಕಣದ ಬೇಲಿಯನ್ನು ಹಿಡಿದು ಸಾಗುತ್ತಿದ್ದಿತು, ಮೂಲೆಯಲ್ಲಿ ತಿರುಗುತ್ತಿದ್ದಿತು. ಒಮ್ಮೆ, ಬೇಲಿಯಿಂದ ಕೇವಲ ಎರಡು ಮೀಟರು ಒಳಗೆ ಉದ್ದಬದಿಗೆ ಸಮನಾಗಿ ನೇರವಾಗಿ ನಡೆಸಿರೆಂದು ಕೇಳಿದೆವು. ಅಷ್ಟರಿಂದಲೇ ಗುಟ್ಟು ರಟ್ಟಾಯಿತು. ಕುದುರೆಯು ಹಾವಿನಂತೆ ತೇಲಾಡಿತು. ಮೂರು ವರ್ಷಗಳಿಂದ ಅದನ್ನು ನೇರವಾಗಿ ನಡೆಸುತ್ತಿದ್ದುದು ಸವಾರನ ಕಾಲಲ್ಲ, ಬೇಲಿ! ಸುಲಭವಾದ ಪರೀಕ್ಷೆಯ ಅಪಾಯ ಇದೇ. ಅದು ಸುಳ್ಳು ಹೇಳುವುದಿಲ್ಲ. ಆದರೆ ನಾವು ಕೇಳದ ಪ್ರಶ್ನೆಗೆ ಉತ್ತರವನ್ನೂ ಕೊಡುವುದಿಲ್ಲ.

ಮೂರನೆಯ ಪರೀಕ್ಷೆಯು ಆ ಪ್ರಶ್ನೆಯನ್ನು ಕೇಳುತ್ತದೆ. ಅದರ ವಿಶೇಷವೆಂದರೆ ಟ್ರಾಟ್ ನಡೆಯಲ್ಲಿ ಬರುವ ಲೂಪ್ ಎಂಬ ಬಳಸುದಾರಿ. ಎಡಕ್ಕೆ ಸುತ್ತುವ ಸವಾರನೆಂದಿಟ್ಟುಕೊಳ್ಳೋಣ. ಅವನು ಸಿ ದಾಟಿ ಮೂಲೆಯನ್ನು ತಿರುಗಿ ಎಚ್ ಅಕ್ಷರದ ಬಳಿ ಬೇಲಿಯನ್ನು ಬಿಡಬೇಕು. ಕಣದ ನಡುವಿನ ಎಕ್ಸ್‌ವರೆಗೆ ಒಳಕ್ಕೆ ಬರಬೇಕು. ಮತ್ತೆ ಅದೇ ಬದಿಯ ಕೆ ಅಕ್ಷರಕ್ಕೆ ಹಿಂದಿರುಗಬೇಕು. ಕಾಗದದ ಮೇಲೆ ಇದು ಮಗು ಬರೆದ ಬಿಲ್ಲಿನಂತೆ ಸರಳವಾಗಿ ಕಾಣುವುದು. ಈಗ ಲೆಕ್ಕ ಹಾಕಿ ನೋಡಿ. ಎಚ್ ಮತ್ತು ಕೆ ಎರಡೂ ತಮ್ಮ ತಮ್ಮ ಮೂಲೆಗಳಿಂದ 6 ಮೀಟರು ದೂರದಲ್ಲಿವೆ. ಆದುದರಿಂದ 60 ಮೀಟರಿನ ಕಣದಲ್ಲಿ ಅವುಗಳ ನಡುವೆ ಉಳಿಯುವುದು 48 ಮೀಟರು. ಈ ಅಂತರದೊಳಗೆ ಕುದುರೆಯು 10 ಮೀಟರು ಒಳಕ್ಕೆ ಬಂದು 10 ಮೀಟರು ಹೊರಕ್ಕೆ ಹೋಗಬೇಕು. ಬೇಲಿಯನ್ನು ಬಿಡುವಾಗ ಅದರ ದೇಹ ಎಡಕ್ಕೆ ಬಾಗಿರಬೇಕು. ಎಕ್ಸ್ ಬಳಿ ಬಲಕ್ಕೆ. ಮತ್ತೆ ಬೇಲಿಯನ್ನು ಸೇರುವಾಗ ಎಡಕ್ಕೆ. ಮಾಮೂಲು ಟ್ರಾಟ್ ವೇಗದಲ್ಲಿ ಇದಕ್ಕೆ ಹಿಡಿಯುವ ಕಾಲ ಹದಿನಾಲ್ಕು ಹದಿನೈದು ಸೆಕೆಂಡುಗಳು. ಮೂರು ಬಾಗುಗಳು, ಎರಡು ಬದಲಾವಣೆಗಳು, ಇಪ್ಪತ್ತು ಹೆಜ್ಜೆಗಳ ಆಸುಪಾಸು. ಇವೆಲ್ಲದರ ನಡುವೆ ತಾಳ ಒಂದಿಷ್ಟೂ ತಪ್ಪಕೂಡದು.

ಮನುಷ್ಯರಲ್ಲಿ ಎಡಚರು ಬಲಚರು ಇರುವಂತೆ ಕುದುರೆಗಳಲ್ಲಿಯೂ ಉಂಟು. ಪ್ರತಿಯೊಂದು ಕುದುರೆಗೂ ಒಂದು ಕಡೆಗೆ ಬಾಗುವುದು ಸಲೀಸು, ಮತ್ತೊಂದು ಕಡೆಗೆ ಪ್ರಯಾಸ. ದೊಡ್ಡ ವೃತ್ತವನ್ನು ಒಂದೇ ದಿಕ್ಕಿನಲ್ಲಿ ಸುತ್ತುವಾಗ ಈ ವ್ಯತ್ಯಾಸವು ಮುಚ್ಚಿಹೋಗುವುದು. ಬಳಸುದಾರಿಯಲ್ಲಿ ಅದು ಕನ್ನಡಿಯಲ್ಲಿ ಕಂಡಂತೆ ಕಾಣುವುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗನ್ನು ಬದಲಿಸುವ ಕ್ಷಣದಲ್ಲಿ ಸವಾರನು ತನ್ನ ಕುಳಿತ ಭಾರ, ಒಳಗಿನ ಕಾಲು, ಹೊರಗಿನ ಲಗಾಮು ಇವನ್ನು ಕ್ರಮವಾಗಿ ಬದಲಿಸದೆ ಕೈಯಿಂದ ಕತ್ತನ್ನು ಎಳೆದರೆ ಕುದುರೆಯು ಕತ್ತನ್ನು ಮಾತ್ರ ಕೊಡುವುದು, ಭುಜವು ಹೊರಕ್ಕೆ ಜಾರುವುದು, ಹೆಜ್ಜೆ ತಡವರಿಸುವುದು. ಇಂತಹ ಸವಾರನಿಗೆ ನಾಲ್ಕು ಅಂಕ ಬಂದರೆ ಅದು ಅನ್ಯಾಯವಲ್ಲ. ಚಿಕ್ಕ ಕಣವುಳ್ಳವರು ಅಭ್ಯಾಸದಲ್ಲಿ 10 ಮೀಟರಿನ ಆಸೆಯನ್ನು ಬಿಟ್ಟು 5 ಮೀಟರಿಗೆ ತೃಪ್ತರಾಗುವುದು ಮೇಲು. ಬ್ರಿಟನ್ನಿನ ಪ್ರಿಲಿಮಿನರಿ ಹಂತದ ಕೆಲವು ಪರೀಕ್ಷೆಗಳಲ್ಲಿ ಇರುವುದೂ ಈ 5 ಮೀಟರಿನ ಬಳಸೇ.

ಎರಡನೆಯ ಕಷ್ಟ 20 ಮೀಟರಿನ ವೃತ್ತದ್ದು. ಇದರಲ್ಲಿ ಕಷ್ಟವೆಲ್ಲಿ ಎಂದು ಕೇಳುವವರುಂಟು; ಕೇಳಿದವರ ಕುದುರೆಯ ಗೊರಸಿನ ಗುರುತನ್ನು ಮರಳಿನಲ್ಲಿ ನೋಡಿದರೆ ಬಹುಶಃ ಮೊಟ್ಟೆಯೋ ಹಲಸಿನ ಹಣ್ಣೋ ಕಾಣುವುದು, ವೃತ್ತ ಕಾಣುವುದಿಲ್ಲ. ಎ ಅಕ್ಷರದಿಂದ ಆರಂಭವಾಗುವ ವೃತ್ತವು ಉದ್ದಬದಿಗಳನ್ನು ಮುಟ್ಟಬೇಕಾದುದು ಮೂಲೆಯಿಂದ 10 ಮೀಟರು ದೂರದಲ್ಲಿ. ಎಂದರೆ, ಮೂಲೆಗೆ ಸಮೀಪದ ಅಕ್ಷರದಿಂದ ಇನ್ನೂ 4 ಮೀಟರು ಆಚೆಗೆ. ಅದು ನಡುಗೆರೆಯನ್ನು ದಾಟಬೇಕಾದುದು ಎ ಅಕ್ಷರದಿಂದ 20 ಮೀಟರಿನಲ್ಲಿ. ಉದ್ದ ಕಣದಲ್ಲಿ ವಿ ಮತ್ತು ಪಿ ಎಂಬ ಫಲಕಗಳು ನಿಂತಿರುವುದು 18 ಮೀಟರಿನಲ್ಲಿ. ಹೊಸಬರು ಆ ಫಲಕಗಳನ್ನೇ ಗುರಿಯಾಗಿಟ್ಟುಕೊಂಡು ಎರಡು ಮೀಟರು ಮೊದಲೇ ತಿರುಗಿಬಿಡುವರು. ಅದೇ ನಡುವಿನ ಬಿ ಅಥವಾ ಇ ಬಳಿಯ ವೃತ್ತದಲ್ಲಿ ಇದರ ವಿಪರ್ಯಾಸ: ಅಲ್ಲಿ ಆ ಫಲಕಗಳ ಗೆರೆಯನ್ನು ಮುಟ್ಟಿದರೆ ಎರಡು ಮೀಟರು ಮೀರಿಹೋದಂತೆ. ಚಿಕ್ಕ ಕಣದಲ್ಲಿ ಈ ತೊಡಕಿಲ್ಲ. ಎ ಬಳಿಯ ವೃತ್ತವು ಸರಿಯಾಗಿ ಎಕ್ಸ್ ಮೂಲಕವೇ ಹಾಯುವುದು. ಚಿಕ್ಕ ಕಣದಲ್ಲಿ ಕಲಿತು ದೊಡ್ಡ ಕಣದಲ್ಲಿ ತಬ್ಬಿಬ್ಬಾಗುವವರ ರಹಸ್ಯವೂ ಇದೇ. ಒಂದು ಹಗ್ಗ, ಒಂದು ಗೂಟ, ನಾಲ್ಕು ಹಿಡಿ ಸುಣ್ಣದ ಪುಡಿ ಇದ್ದರೆ ಈ ತಪ್ಪನ್ನು ಒಂದು ಬೆಳಗಿನಲ್ಲಿ ತಿದ್ದಿಕೊಳ್ಳಬಹುದು.

ಇನ್ನು, ನನ್ನ ಮನಸ್ಸಿಗೆ ಅತ್ಯಂತ ಪ್ರಿಯವಾದ ಚಲನೆಯನ್ನು ಕುರಿತು ಎರಡು ಮಾತು. ಈ ಹಂತದ ಮೇಲಿನ ಪರೀಕ್ಷೆಗಳಲ್ಲಿ ಟ್ರಾಟ್ ನಡೆಯ ವೃತ್ತದಲ್ಲಿ ಸವಾರನು ಲಗಾಮನ್ನು ಬೆರಳುಗಳ ನಡುವಿನಿಂದ ಮೆಲ್ಲಮೆಲ್ಲನೆ ಬಿಡುತ್ತ ಹೋಗಬೇಕು. ಕುದುರೆಯು ಅದನ್ನು ಹಿಂಬಾಲಿಸಿ ತನ್ನ ಕೊರಳನ್ನು ಮುಂದಕ್ಕೂ ಕೆಳಕ್ಕೂ ಚಾಚಬೇಕು. ಬೆನ್ನು ಸಡಿಲವಾಗಿ ಮೇಲೆದ್ದು ತೂಗಬೇಕು. ವೇಗ ಹೆಚ್ಚಲೂ ಬಾರದು, ಕುಗ್ಗಲೂ ಬಾರದು. ಅನಂತರ ಲಗಾಮನ್ನು ಅಷ್ಟೇ ಮೆಲ್ಲಗೆ ಮರಳಿ ತೆಗೆದುಕೊಳ್ಳಬೇಕು. ಇದು ತೋರ್ಕೆಗೆ ವಿಶ್ರಾಂತಿ, ವಾಸ್ತವದಲ್ಲಿ ವಿಚಾರಣೆ. ದಿನವೂ ಕಡಿವಾಣವನ್ನು ಬಿಗಿಯಾಗಿ ಎಳೆದು ತಲೆಯನ್ನು ಕೆಳಗೆ ಕಟ್ಟಿದಂತೆ ಹಿಡಿಯಲ್ಪಟ್ಟ ಕುದುರೆಯು ಲಗಾಮು ಸಡಿಲವಾದೊಡನೆ ತಲೆಯನ್ನು ಆಕಾಶಕ್ಕೆ ಎತ್ತುವುದು. ತನ್ನ ಭಾರವನ್ನು ಸವಾರನ ಕೈಮೇಲೆ ಹೊರಿಸಿ ಬದುಕುತ್ತಿದ್ದ ಕುದುರೆಯು ಮುಗ್ಗರಿಸುವಂತೆ ಮುಂದಕ್ಕೆ ಧಾವಿಸುವುದು. ನಿಜವಾಗಿ ಶಿಕ್ಷಣ ಹೊಂದಿದ ಕುದುರೆ ಮಾತ್ರ, ಮಗು ತಾಯಿಯ ಕೈಯನ್ನು ಹಿಡಿದೇ ದೂರಕ್ಕೆ ಬಾಗಿ ನೋಡುವಂತೆ, ಸಂಪರ್ಕವನ್ನು ಕಳೆದುಕೊಳ್ಳದೆ ಚಾಚುವುದು. ಆರು ತಿಂಗಳ ಕಾಲ ಲಾಯದ ಹಿಂದೆ ಯಾರೂ ಕಾಣದಂತೆ ಸವಾರನು ಏನು ಮಾಡಿದನೆಂಬುದನ್ನು ಒಂದು ವೃತ್ತವು ಒಂದು ನಿಮಿಷದೊಳಗೆ ಬಯಲಿಗಿಡುತ್ತದೆ. ಬಲಾತ್ಕಾರಕ್ಕೆ ಇದಕ್ಕಿಂತ ದೊಡ್ಡ ಶತ್ರು ಈ ಹಂತದಲ್ಲಿ ಬೇರೆ ಇಲ್ಲ. ಈ ಒಂದು ಕಾರಣಕ್ಕಾಗಿಯೇ ಇಂತಹ ಪರೀಕ್ಷೆಯನ್ನು ಆರಿಸಿಕೊಳ್ಳಬಹುದು.

ನಡೆಯಿಂದ ನಡೆಗೆ ಬದಲಾಯಿಸುವ ಸಂಧಿಗಳು, ಮೊದಲಲ್ಲೂ ಕೊನೆಯಲ್ಲೂ ಬರುವ ನಿಲುಗಡೆ ಮತ್ತು ವಂದನೆ, ಇಮ್ಮಡಿ ಅಂಕವುಳ್ಳ ಸಡಿಲ ಲಗಾಮಿನ ವಾಕ್, ಇವು ಎಲ್ಲ ಪರೀಕ್ಷೆಗಳಿಗೂ ಸಮಾನವಾದುದರಿಂದ ವಿಸ್ತರಿಸುವುದಿಲ್ಲ. ಒಂದು ಮಾತ್ರ: ವಾಕ್ ಎಂಬುದು ಕುದುರೆಗೂ ಸವಾರನಿಗೂ ಉಸಿರಾಡುವ ವೇಳೆಯೆಂದು ತಿಳಿದು ಎಷ್ಟೋ ಮಂದಿ ಅಂಕಗಳನ್ನು ಚೆಲ್ಲುವರು. ಇಮ್ಮಡಿಯಾಗಿ ಎಣಿಸುವುದು ಅದನ್ನೇ ಎಂಬುದು ಅವರಿಗೆ ನೆನಪಿರುವುದಿಲ್ಲ.

ಹಾಗಾದರೆ ಇನ್ನೂ ಮೇಲಿನ ಫಸ್ಟ್ ಲೆವೆಲನ್ನೇ ಏಕೆ ಹಿಡಿಯಬಾರದು? ಅದರಲ್ಲಿ 10 ಮೀಟರಿನ ಅರ್ಧವೃತ್ತಗಳು, ಕ್ಯಾಂಟರಿನಲ್ಲಿ 15 ಮೀಟರಿನ ವೃತ್ತಗಳು, ಹೆಜ್ಜೆಯನ್ನು ನೀಳವಾಗಿಸುವ ನಡೆ ಇವೆಲ್ಲ ಬರುವುವು. ಇವು ಕೇವಲ ಹೊಂದಿಕೆಯನ್ನಲ್ಲದೆ ಹಿಂಗಾಲುಗಳ ಬಲವನ್ನೂ ಕೇಳುತ್ತವೆ. ಬಲವು ಪಾಠದಿಂದ ಬರುವುದಿಲ್ಲ, ತಿಂಗಳುಗಳಿಂದ ಬರುವುದು. ಎಳೆಯ ಕುದುರೆಯ ಕಾಲ್ಬೆಳವಣಿಗೆ ಮುಗಿದಂತೆ ತೋರಿದರೂ ಬೆನ್ನೆಲುಬಿನ ಮೂಳೆಗಳು ಪೂರ್ಣವಾಗಿ ಬಲಿಯುವುದಕ್ಕೆ ಐದಾರು ವರ್ಷಗಳಾದರೂ ಆಗಬೇಕು. ನಾಲ್ಕು ವರ್ಷದ ಕುದುರೆ ನೋಡಲು ದೊಡ್ಡದು. ಆದರೆ ಅದು ಬೆಳೆಯುವ ಹುಡುಗ. ಸವಾರನ ಉತ್ಸಾಹವು ಆ ಬೆನ್ನಿನ ಮೇಲೆ ಕುಳಿತುಕೊಳ್ಳುತ್ತದೆ ಎಂಬುದನ್ನು ಮರೆಯುವುದು ಸುಲಭ. ಜರ್ಮನ್ ಪದ್ಧತಿಯಲ್ಲಿ ಶಿಕ್ಷಣದ ಮೆಟ್ಟಿಲುಗಳನ್ನು ಮೊದಲು ತಾಳ, ಆಮೇಲೆ ಸಡಿಲಿಕೆ, ಆಮೇಲೆ ಕಡಿವಾಣದ ಸಂಪರ್ಕ, ಅನಂತರವೇ ಮುನ್ನುಗ್ಗುವ ಶಕ್ತಿ, ನೇರತನ, ಕಡೆಗೆ ಒಗ್ಗೂಡಿಕೆ ಎಂದು ಎಣಿಸುವರು. ಟ್ರೈನಿಂಗ್ ಲೆವೆಲ್ ಕೇಳುವುದು ಮುಖ್ಯವಾಗಿ ಮೊದಲಿನ ಮೂರನ್ನು. ಬುಡದ ಕಲ್ಲು ಅಲುಗುತ್ತಿರುವಾಗ ನಾಲ್ಕನೆಯದನ್ನು ಇಡಹೋದವರ ಕುದುರೆಗಳು ಕುಂಟುವುದನ್ನೂ, ಲಾಯದಲ್ಲಿ ಜೀನನ್ನು ಕಂಡೊಡನೆ ಕಿವಿಗಳನ್ನು ಹಿಂದಕ್ಕೆ ಮಡಿಸುವುದನ್ನೂ ನಾನು ಕಂಡಿದ್ದೇನೆ.

ಕುದುರೆ ಸಿದ್ಧವಾಗಿದೆಯೆ ಎಂದು ತಿಳಿಯುವ ಬಗೆ ಹೀಗೆ. ಪರೀಕ್ಷೆಯ ಪ್ರತಿಯೊಂದು ಚಲನೆಯನ್ನೂ ಬಿಡಿಬಿಡಿಯಾಗಿ, ಬೇಕಾದಷ್ಟು ಸಮಯ ಕೊಟ್ಟು ಮಾಡಿಸಿ ನೋಡಬೇಕು. ಬಿಡಿಯಾಗಿ ಶಾಂತವಾಗಿ ಮಾಡುವುದಾದರೆ, ಒಂದಕ್ಕೊಂದು ಜೋಡಿಸುವಾಗ ತೊಡರಿದರೂ ಚಿಂತೆಯಿಲ್ಲ. ಆ ತೊಡರೇ ಕಲಿಯಬೇಕಾದ ಪಾಠ. ಬಿಡಿಯಾಗಿಯೇ ಆಗದಿದ್ದರೆ ಪರೀಕ್ಷೆ ಹೆಚ್ಚಾಯಿತೆಂದು ತಿಳಿಯಬೇಕು. ಮನೆಯಲ್ಲಿ ಒಂದು ಮೆಟ್ಟಿಲು ಮೇಲಿನದನ್ನು ಅಭ್ಯಾಸಮಾಡಿ, ಸ್ಪರ್ಧೆಯಲ್ಲಿ ಒಂದು ಮೆಟ್ಟಿಲು ಕೆಳಗಿನದನ್ನು ತೋರಿಸುವುದು ಅನುಭವಸ್ಥರ ಪದ್ಧತಿ. ನೂರಕ್ಕೆ ಅರುವತ್ತೈದರ ಸುತ್ತಮುತ್ತ ಅಂಕಗಳು ಮತ್ತೆಮತ್ತೆ ಬರತೊಡಗಿದ ಮೇಲೆ ಮುಂದಿನದಕ್ಕೆ ಹೋಗಬಹುದೆಂದು ಅನೇಕ ಶಿಕ್ಷಕರು ಹೇಳುವರು. ಒಮ್ಮೆ ಬಂದ ಎಪ್ಪತ್ತಕ್ಕಿಂತ ನಾಲ್ಕು ಸಲ ಬಂದ ಅರುವತ್ತೈದು ನಂಬಿಕೆಗೆ ಅರ್ಹ.

ಅಭ್ಯಾಸದಲ್ಲಿ ಒಂದು ಎಚ್ಚರಿಕೆ. ಇಡೀ ಪರೀಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ದಿನವೂ ನಡೆಸಬಾರದು. ಕುದುರೆಯ ನೆನಪು ಬಹು ಚುರುಕು. ನಾಲ್ಕನೆಯ ದಿನವೇ ಅದು ಸವಾರನ ಸನ್ನೆಗೆ ಕಾಯದೆ ಅಕ್ಷರವನ್ನು ಕಂಡು ತಾನೇ ಕ್ಯಾಂಟರ್ ಹಿಡಿಯುವುದು. ಆಗ ಪರೀಕ್ಷೆಗೆ ಕುಳಿತಿರುವುದು ಕುದುರೆಯೊಂದೇ, ಸವಾರನು ಹೊರೆ. ಆದುದರಿಂದ ತುಂಡುತುಂಡಾಗಿ, ಹಿಂದುಮುಂದಾಗಿ, ಬೇರೆ ಬೇರೆ ಅಕ್ಷರಗಳಲ್ಲಿ ಮಾಡಿಸಬೇಕು. ಬಳಸುದಾರಿಯನ್ನು ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ನಡೆಸಬೇಕು. ಕ್ರಮವನ್ನು ಕಂಠಪಾಠ ಮಾಡಬೇಕಾದುದು ಸವಾರನು. ಅದಕ್ಕೆ ಕುದುರೆ ಬೇಡ. ಅಂಗಳದಲ್ಲಿ ಎಂಟು ಕಲ್ಲುಗಳನ್ನಿಟ್ಟು ತನ್ನ ಸ್ವಂತ ಕಾಲುಗಳ ಮೇಲೆ ನಡೆದು, ಟ್ರಾಟ್ ಬಂದ ಕಡೆ ತಾನೇ ಓಡಿ, ವೃತ್ತ ಬಂದ ಕಡೆ ತಾನೇ ಸುತ್ತಿ ಕಲಿಯಬಹುದು. ನೆರೆಹೊರೆಯವರು ನಕ್ಕರೆ ನಗಲಿ. ಈ ಹಂತದಲ್ಲಿ ಕಣದ ಹೊರಗೆ ನಿಂತು ಪರೀಕ್ಷೆಯನ್ನು ಓದಿಹೇಳುವವರನ್ನು ಇಟ್ಟುಕೊಳ್ಳುವುದಕ್ಕೂ ಅಮೆರಿಕದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಅವಕಾಶವುಂಟು. ಟ್ರಾಟ್ ನಡೆಯಲ್ಲಿ ಕುಳಿತೇ ಸಾಗುವುದೋ ಏಳುತ್ತ ಕೂರುತ್ತ ಸಾಗುವುದೋ ಎಂಬುದನ್ನೂ ಬಹುಮಟ್ಟಿಗೆ ಸವಾರನಿಗೇ ಬಿಟ್ಟಿರುವರು. ಕುದುರೆಯ ಬೆನ್ನಿಗೆ ಹಿತವಾದುದನ್ನೇ ಆರಿಸಿಕೊಳ್ಳಬೇಕು. ಹೊಸಬನಿಗೂ ಎಳೆಯ ಕುದುರೆಗೂ ಎದ್ದು ಕೂರುವುದೇ ಲೇಸು.

ಪರೀಕ್ಷೆ ಮುಗಿದ ಮೇಲೆ ತೀರ್ಪುಗಾರನ ಹಾಳೆಯು ಕೈಗೆ ಬರುವುದು. ಬಹುಮಂದಿ ಅದರ ಕೆಳತುದಿಯ ಮೊತ್ತವನ್ನು ನೋಡಿ ಮಡಿಸಿ ಜೇಬಿಗೆ ಹಾಕಿಕೊಳ್ಳುವರು. ಹಾಗೆ ಮಾಡದೆ ಮೊದಲು ಬಳಸುದಾರಿಯ ಅಂಕವನ್ನೂ, ಆಮೇಲೆ ಲಗಾಮು ಬಿಟ್ಟ ವೃತ್ತದ ಅಂಕವನ್ನೂ ಓದಬೇಕು. ಪಕ್ಕದಲ್ಲಿ ಬರೆದಿರುವ ನಾಲ್ಕು ಶಬ್ದಗಳನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ನಕಲು ಮಾಡಿಕೊಳ್ಳಬೇಕು. ಮೂರು ಹಾಳೆಗಳಲ್ಲಿ ಮೂರು ಬೇರೆ ಬೇರೆ ತೀರ್ಪುಗಾರರು ಎಡಗಡೆಯ ಬಾಗು ಸಾಲದೆಂದು ಬರೆದಿದ್ದರೆ, ನಾಲ್ಕನೆಯ ಸ್ಪರ್ಧೆಗೆ ಹಣ ಕಟ್ಟುವ ಮೊದಲು ಕುದುರೆಯ ಹಲ್ಲುಗಳನ್ನೂ ಜೀನಿನ ಎಡಗಡೆಯ ಒತ್ತನ್ನೂ ಬಲ್ಲವರಿಂದ ಪರೀಕ್ಷೆಮಾಡಿಸಬೇಕು.